ಎಮು ಮೊಟ್ಟೆಗೆ ಎಷ್ಟು ತೇವ? ತಕ್ಕಡಿಯನ್ನೇ ಕೇಳೋಣ



ಮರಿ ಮಾಡುವ ಯಂತ್ರ ಇಟ್ಟುಕೊಂಡಿರುವ ಮನೆಗಳಿಂದ ನಮ್ಮ ಅಂಕಣಕ್ಕೆ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ: "ನೀರಿನ ತಟ್ಟೆಗೆ ದಿನಕ್ಕೆ ಎಷ್ಟು ನೀರು ಹಾಕಬೇಕು?" ಯಂತ್ರ ಮಾರಿದವರು ಎರಡು ಲೋಟ ಎಂದಿರುತ್ತಾರೆ. ಪಕ್ಕದ ಊರಿನವರು ತಟ್ಟೆ ತುಂಬಿಸಿಬಿಡಿ ಎಂದಿರುತ್ತಾರೆ. ಕೈಪಿಡಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಶಾಲೆಗೆ ಹೋಗುವ ಮಕ್ಕಳು ಅದನ್ನು ಓದಿ, ಅದರಲ್ಲಿರುವ ಅಂಕಿಯನ್ನು ಮಾತ್ರ ದೊಡ್ಡವರಿಗೆ ಹೇಳುತ್ತಾರೆ. ಆ ಅಂಕಿಯನ್ನೇ ನಂಬಿ ಐವತ್ತು ದಿನ ಕರೆಂಟು ಸುಟ್ಟು, ಕೊನೆಗೆ ಮೊಟ್ಟೆ ಒಡೆದು ನೋಡಿದರೆ ಒಳಗೆ ಪೂರ್ತಿ ಬೆಳೆದು ಸತ್ತ ಮರಿ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತವಾಗಿದೆ. ಲೋಟದ ಲೆಕ್ಕದಲ್ಲಿ ನೀರು ಹಾಕುವುದನ್ನು ನಾವು ಬಿಡಬೇಕು. ಮೊಟ್ಟೆಯನ್ನು ವಾರಕ್ಕೊಮ್ಮೆ ತೂಗಿ, ಆ ತೂಕ ಹೇಳಿದಂತೆ ನೀರನ್ನು ಹೆಚ್ಚು ಕಡಿಮೆ ಮಾಡಬೇಕು. ಇದಕ್ಕೆ ಬೇಕಾದದ್ದು ಕೆಲವು ನೂರು ರೂಪಾಯಿಯ ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಒಂದು ನೋಟ್‌ಬುಕ್ಕು ಮತ್ತು ಸ್ವಲ್ಪ ತಾಳ್ಮೆ.

ಎಮುವಿನ ಮಾತು ಈಗೇಕೆ?

ನಮ್ಮ ತಾಳವಾಡಿ ಸೀಮೆಯವರಿಗೆ ಎಮು ಎಂದ ಕೂಡಲೇ ನೆನಪಾಗುವುದು ಪೆರುಂದುರೈ. ಪಕ್ಷಿಯನ್ನು ಕೊಡುತ್ತೇವೆ, ತಿಂಗಳು ತಿಂಗಳು ಹಣ ಕೊಡುತ್ತೇವೆ, ಮೊಟ್ಟೆಯನ್ನೂ ನಾವೇ ಕೊಳ್ಳುತ್ತೇವೆ ಎಂದು ಹೇಳಿ ಸಾವಿರಾರು ಕುಟುಂಬಗಳಿಂದ ಠೇವಣಿ ಪಡೆದ ಕಂಪನಿಗಳು 2012ರಲ್ಲಿ ಮುಳುಗಿದವು. ಕೊಟ್ಟಿಗೆಗಳಲ್ಲಿ ಉಳಿದ ಪಕ್ಷಿಗಳಿಗೆ ಮೇವಿಲ್ಲದೆ ಸರ್ಕಾರವೇ ಮೇವು ಹಾಕಬೇಕಾಯಿತು. ಅಂದು ಒಡವೆ ಅಡವಿಟ್ಟವರ ನೋವು ನಮ್ಮ ಜಿಲ್ಲೆಯಲ್ಲಿ ಇನ್ನೂ ಆರಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ: ಮರಿಯನ್ನು ಕೊಳ್ಳುವವರು ಯಾರು ಎಂಬುದು ಗೊತ್ತಿಲ್ಲದೆ, ಸಾಲ ಮಾಡಿ, ಹೊಸದಾಗಿ ಎಮು ಸಾಕಲು ಹೊರಡುವವರಿಗೆ ಈ ಲೇಖನ ಪ್ರೋತ್ಸಾಹವಲ್ಲ.

ಆದರೆ ಕೆಲವರು ಪಕ್ಷಿಗಳನ್ನು ಬಿಡದೆ ಸಾಕಿಕೊಂಡು ಬಂದಿದ್ದಾರೆ. ಅವರಿಗಿಂತ ಹೆಚ್ಚು ಮಂದಿ ನಾಟಿ ಕೋಳಿ, ಟರ್ಕಿ, ಬಾತುಕೋಳಿಗಳಿಗಾಗಿ ಸಣ್ಣ ಇನ್‌ಕ್ಯುಬೇಟರ್ ಕೊಂಡಿದ್ದಾರೆ. ತೇವಾಂಶದ ಪಾಠವನ್ನು ಎಮು ಮೊಟ್ಟೆ ಕಲಿಸುವಷ್ಟು ಸ್ಪಷ್ಟವಾಗಿ ಬೇರಾವ ಮೊಟ್ಟೆಯೂ ಕಲಿಸುವುದಿಲ್ಲ. ಅದು ಅರ್ಧ ಕಿಲೋಗೂ ಮೀರಿ ತೂಗುತ್ತದೆ, ಏಳು ವಾರಕ್ಕೂ ಹೆಚ್ಚು ಕಾಲ ಯಂತ್ರದಲ್ಲಿರುತ್ತದೆ. ನಮ್ಮ ಸರಿ ತಪ್ಪುಗಳೆಲ್ಲ ಅದರ ತೂಕದಲ್ಲಿ ದಾಖಲಾಗುತ್ತವೆ. ಈ ಪಾಠ ಕಲಿತವರಿಗೆ ಕೋಳಿ ಮೊಟ್ಟೆ ಸುಲಭ.

ಮೊಟ್ಟೆ ಉಸಿರಾಡುತ್ತದೆ

ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳ ಮೂಲಕ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಹೋದ ನೀರಿನ ಜಾಗದಲ್ಲಿ ಮೊಟ್ಟೆಯ ಒಂದು ತುದಿಯಲ್ಲಿ ಗಾಳಿಯ ಚೀಲ ದೊಡ್ಡದಾಗುತ್ತಾ ಬರುತ್ತದೆ. ಮರಿ ಚಿಪ್ಪು ಒಡೆಯುವುದಕ್ಕೂ ಮೊದಲು ಕೊಕ್ಕಿನಿಂದ ಈ ಚೀಲವನ್ನು ತೂತು ಮಾಡಿ, ಅಲ್ಲಿರುವ ಗಾಳಿಯಿಂದ ತನ್ನ ಮೊದಲ ಉಸಿರನ್ನು ಎಳೆದುಕೊಳ್ಳುತ್ತದೆ.

ಯಂತ್ರದೊಳಗೆ ತೇವ ಹೆಚ್ಚಾದರೆ ನೀರು ಹೊರಗೆ ಹೋಗುವುದಿಲ್ಲ, ಗಾಳಿಯ ಚೀಲ ಚಿಕ್ಕದಾಗಿಯೇ ಉಳಿಯುತ್ತದೆ. ಮರಿ ನೀರು ತುಂಬಿ ಊದಿಕೊಂಡು, ತಿರುಗಲು ಜಾಗವಿಲ್ಲದೆ, ಉಸಿರಿಗೆ ಗಾಳಿ ಸಾಲದೆ ಚಿಪ್ಪಿನೊಳಗೇ ಸಾಯುತ್ತದೆ. ತೇವ ಕಡಿಮೆಯಾದರೆ ಮರಿ ಒಣಗಿ, ಬಡಕಲಾಗಿ, ಒಳಪೊರೆಗೆ ಅಂಟಿಕೊಂಡು, ಚಿಪ್ಪು ಒಡೆಯುವ ಶಕ್ತಿಯಿಲ್ಲದೆ ಸೋಲುತ್ತದೆ. ಮರಿಯಾಗದ ಮೊಟ್ಟೆಯನ್ನು ಗುಂಡಿಗೆ ಎಸೆಯುವ ಮುನ್ನ ಒಡೆದು ನೋಡಿದರೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಒಳಗೆ ಮರಿಯ ಗುರುತೇ ಇಲ್ಲದಿದ್ದರೆ ಅದಕ್ಕೆ ತೇವಾಂಶವನ್ನು ದೂರಬಾರದು. ಗಂಡು ಕೂಡದ ಮೊಟ್ಟೆ, ಬಹಳ ದಿನ ಇಟ್ಟ ಮೊಟ್ಟೆ ಮುಂತಾದ ಬೇರೆ ಕಾರಣಗಳಿರುತ್ತವೆ.

ಕೋಳಿ ಮೊಟ್ಟೆಯ ಗಾಳಿಚೀಲವನ್ನು ಟಾರ್ಚು ಹಿಡಿದು ನೋಡಬಹುದು. ಎಮು ಮೊಟ್ಟೆಯ ಚಿಪ್ಪು ದಪ್ಪ, ಬಣ್ಣ ಕಡು ಹಸಿರು. ಮಾಮೂಲಿ ಟಾರ್ಚಿನ ಬೆಳಕು ಅದನ್ನು ತೂರುವುದಿಲ್ಲ. ಒಳಗೆ ಏನು ನಡೆಯುತ್ತಿದೆ ಎಂಬುದನ್ನು ರೈತನಿಗೆ ಹೇಳಬಲ್ಲದ್ದು ತೂಕವೊಂದೇ.

ಅಂಕಿಯನ್ನು ನಂಬಬಾರದೇಕೆ?

ಎಮು ಮೊಟ್ಟೆಗೆ ಸುಮಾರು 36ರಿಂದ 36.5 ಡಿಗ್ರಿ ಸೆಲ್ಸಿಯಸ್ ಶಾಖವೂ ನೂರಕ್ಕೆ 30ರಿಂದ 40ರಷ್ಟು ತೇವಾಂಶವೂ ಬೇಕೆಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಕೋಳಿ ಮೊಟ್ಟೆಗೆ ಮೊದಲ 18 ದಿನ 50ರಿಂದ 55 ಬೇಕು. ಆದ್ದರಿಂದ ಕೋಳಿಯ ಲೆಕ್ಕದಲ್ಲಿ ಎಮುವಿಗೆ ನೀರಿಟ್ಟರೆ ಮೊದಲ ದಿನದಿಂದಲೇ ತೇವ ಹೆಚ್ಚು. ಎರಡನ್ನೂ ಒಂದೇ ಯಂತ್ರದಲ್ಲಿ ಇಡುವುದಂತೂ ಸಲ್ಲದು.

ಇನ್ನು ಕೈಪಿಡಿಗಳ ವಿಷಯ. ಒಣ ಬಲ್ಬು 97 ಡಿಗ್ರಿ ಫ್ಯಾರನ್‌ಹೀಟ್, ಒದ್ದೆ ಬಲ್ಬು 78ರಿಂದ 80 ಇರಲಿ, ಆಗ ತೇವಾಂಶ 30ರಿಂದ 40 ಇರುತ್ತದೆ ಎಂದು ಬರೆದ ಕೈಪಿಡಿಗಳು ಹಳ್ಳಿಗಳಲ್ಲಿ ಓಡಾಡುತ್ತಿವೆ. ಲೆಕ್ಕ ಹಾಕಿದರೆ ಈ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ. ಒಣ ಬಲ್ಬು 97 ಇದ್ದಾಗ ಒದ್ದೆ ಬಲ್ಬು 79 ತೋರಿಸಿದರೆ ತೇವಾಂಶ 45ರ ಆಸುಪಾಸಿಗೆ ಹೋಗಿರುತ್ತದೆ. 35 ಬೇಕಾದರೆ ಒದ್ದೆ ಬಲ್ಬು 75ರ ಹತ್ತಿರ ನಿಲ್ಲಬೇಕು. ಪುಸ್ತಕ ನೋಡಿ ಅಕ್ಷರಶಃ ಪಾಲಿಸಿದವರ ಮೊಟ್ಟೆಯೂ ಹೀಗೆ ನೀರು ತುಂಬಿ ಕೆಡಬಹುದು.

ಉಪಕರಣವೂ ಸುಳ್ಳು ಹೇಳುತ್ತದೆ. ಒದ್ದೆ ಬಲ್ಬಿಗೆ ಸುತ್ತಿದ ಬಟ್ಟೆಗೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಕೆಲವೇ ವಾರಗಳಲ್ಲಿ ಸುಣ್ಣ ಕಟ್ಟಿ ಬಟ್ಟೆ ಗಟ್ಟಿಯಾಗುತ್ತದೆ. ಆಮೇಲೆ ಅದು ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ. ಮಳೆನೀರನ್ನಾಗಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನಾಗಲಿ ಬಳಸಿ, ಬಟ್ಟೆಯನ್ನು ಆಗಾಗ ಬದಲಿಸಬೇಕು. ಅಗ್ಗದ ಡಿಜಿಟಲ್ ಮೀಟರುಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ; ಎರಡೂ ಒಂದೇ ಅಂಕಿ ತೋರಿಸುವುದು ಅಪರೂಪ.

ನಮ್ಮ ಹವೆ, ನಮ್ಮ ಲೆಕ್ಕ

ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ಹವೆ. ಎಮು ನಮ್ಮ ದೇಶದಲ್ಲಿ ಮೊಟ್ಟೆ ಇಡುವುದು ಚಳಿಗಾಲದಲ್ಲಿ, ಸುಮಾರು ಅಕ್ಟೋಬರಿನಿಂದ ಮಾರ್ಚಿನವರೆಗೆ. ದಿಂಬಂ ಘಾಟಿಯ ಮೇಲಿರುವ ನಮಗೆ ಅಕ್ಟೋಬರ್ ನವೆಂಬರಿನಲ್ಲಿ ಹಿಂಗಾರು ಮಳೆ ಮತ್ತು ಮಂಜು. ಫೆಬ್ರವರಿ ಮಾರ್ಚಿಗೆ ಬಂದರೆ ತುಟಿ ಒಡೆಯುವ ಒಣಹವೆ. ಒಂದೇ ಹಂಗಾಮಿನಲ್ಲಿ ಎರಡು ಲೋಕಗಳನ್ನು ಕಾಣುತ್ತೇವೆ.

ಒಂದು ಸಣ್ಣ ಲೆಕ್ಕ ನೋಡೋಣ. ಮಳೆ ಹಿಡಿದ ದಿನ ಕೋಣೆಯ ಶಾಖ 22 ಡಿಗ್ರಿ ಸೆಲ್ಸಿಯಸ್, ಗಾಳಿ ಪೂರ್ತಿ ತೇವದಿಂದ ತುಂಬಿದೆ ಎನ್ನೋಣ. ಅದೇ ಗಾಳಿ ಯಂತ್ರದೊಳಗೆ ಹೋಗಿ 36.5 ಡಿಗ್ರಿಗೆ ಕಾದಾಗ ಅದರ ತೇವಾಂಶ ಸುಮಾರು 43 ಇರುತ್ತದೆ. ತಟ್ಟೆಯಲ್ಲಿ ಒಂದು ಹನಿ ನೀರಿಲ್ಲದಿದ್ದರೂ ಎಮುವಿಗೆ ಬೇಕಾದದ್ದಕ್ಕಿಂತ ಹೆಚ್ಚಾಯಿತು! ಅದರ ಮೇಲೆ ಎರಡು ಲೋಟ ಸುರಿದರೆ ಏನಾದೀತು? ಮಾರ್ಚಿನ ಮಧ್ಯಾಹ್ನ ಹೊರಗೆ 30 ಡಿಗ್ರಿ ಶಾಖ, 30 ತೇವಾಂಶ ಇದ್ದರೆ ಯಂತ್ರದೊಳಗೆ ಅದು 21ಕ್ಕೆ ಇಳಿಯುತ್ತದೆ. ಆಗ ನೀರಿಲ್ಲದೆ ಆಗದು. ಬಯಲುಸೀಮೆಯಲ್ಲಿ ಕುಳಿತು ಯಂತ್ರ ಮಾರುವವರ "ಎರಡು ಲೋಟ" ನಮಗೆ ಹೇಗೆ ಸರಿಹೊಂದಬೇಕು?

ನಮ್ಮ ಅಜ್ಜಿಯಂದಿರು ಮಳೆಗಾಲದಲ್ಲಿ ಕಾವಿಗೆ ಕೂರಿಸುವಾಗ ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಬುಟ್ಟಿಯಲ್ಲಿ ಇದ್ದಿಲು, ಕಬ್ಬಿಣದ ಚೂರು, ಒಣಮೆಣಸಿನಕಾಯಿ ಇಡುತ್ತಿದ್ದರು. ಗುಡುಗಿನ ಕಾಲವೆಂದರೆ ತೇವದ ಕಾಲ. ಕೆಡುವ ಕಾಲವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು ಎಂಬುದು ನಮ್ಮ ಅನಿಸಿಕೆ. ಕಾರಣವನ್ನು ನಾವು ಈಗ ತಿಳಿದಿದ್ದೇವೆ. ಆದರೂ ಯಂತ್ರ ಕೆಟ್ಟಿತು, ದೃಷ್ಟಿ ತಾಗಿತು, ಅದೃಷ್ಟ ಇಲ್ಲ ಎನ್ನುವ ಮಾತು ಇನ್ನೂ ನಿಂತಿಲ್ಲ.

ತೂಗುವ ಕ್ರಮ

ಯಂತ್ರಕ್ಕೆ ಇಡುವ ದಿನವೇ ಪ್ರತಿ ಮೊಟ್ಟೆಯ ಮೇಲೆ ಬಿಳಿ ಪೆನ್ಸಿಲಿನಿಂದ ಸಂಖ್ಯೆ ಬರೆದು, ತೂಗಿ, ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮುಂದೆ ಪ್ರತಿ ವಾರ ಅದೇ ದಿನ, ಅದೇ ತಕ್ಕಡಿಯಲ್ಲಿ ತೂಗಬೇಕು. ಭಾನುವಾರದ ಪೂಜೆ ಮುಗಿಸಿ ಬಂದ ಮೇಲೆ ಎಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಕೈ ತೊಳೆದು ಒರೆಸಿಕೊಂಡು, ಬೇಗ ತೂಗಿ ಬೇಗ ಒಳಗಿಡಬೇಕು.

48ನೆಯ ದಿನದ ಹೊತ್ತಿಗೆ ಮೊಟ್ಟೆ ತನ್ನ ಮೊದಲ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟನ್ನು ಕಳೆದುಕೊಂಡಿರಬೇಕು. 600 ಗ್ರಾಂ ಮೊಟ್ಟೆಯಾದರೆ 60ರಿಂದ 90 ಗ್ರಾಂ. ವಾರದ ಲೆಕ್ಕಕ್ಕೆ ತಂದರೆ 9ರಿಂದ 13 ಗ್ರಾಂ; 11 ಗ್ರಾಂ ಆದರೆ ನಡುದಾರಿ. ವಾರಕ್ಕೆ 6 ಗ್ರಾಂ ಮಾತ್ರ ಇಳಿದಿದ್ದರೆ ನೀರಿನ ತಟ್ಟೆಯನ್ನು ತೆಗೆದುಬಿಡಿ, ಗಾಳಿಕಿಂಡಿಗಳನ್ನು ಪೂರ್ತಿ ತೆರೆಯಿರಿ. 16 ಗ್ರಾಂ ಇಳಿದಿದ್ದರೆ ತಟ್ಟೆ ಇಡಿ, ಅಥವಾ ಈಗಿರುವುದಕ್ಕಿಂತ ಅಗಲವಾದ ತಟ್ಟೆ ಇಡಿ. ಆವಿಯಾಗುವುದು ನೀರಿನ ಮೇಲ್ಮೈಯಿಂದ. ಆಳವಾದ ಡಬ್ಬಿಯಲ್ಲಿ ಎಷ್ಟು ತುಂಬಿದರೂ ಪ್ರಯೋಜನ ಕಡಿಮೆ. ತೇವ ಹೆಚ್ಚಿಸಲೆಂದು ಗಾಳಿಕಿಂಡಿ ಮುಚ್ಚುವುದು ಮಾತ್ರ ಬೇಡವೇ ಬೇಡ. ಬೆಳೆಯುವ ಮರಿಗೆ ಉಸಿರು ಬೇಕು.

ಮಳೆ ಬಿಡದೆ ಹಿಡಿದಾಗ, ಹೊರಗಿನ ಗಾಳಿಯೇ ಒದ್ದೆಯಾಗಿರುವುದರಿಂದ, ಎಲ್ಲ ಕಿಂಡಿ ತೆರೆದರೂ ತೂಕ ಸಾಕಷ್ಟು ಇಳಿಯದಿರಬಹುದು. ಗಾಬರಿ ಬೇಡ. ಮೊಟ್ಟೆಗೆ ಮುಖ್ಯವಾದದ್ದು ಏಳು ವಾರದ ಒಟ್ಟು ಲೆಕ್ಕ. ಈ ವಾರ ಕಡಿಮೆ ಇಳಿದದ್ದನ್ನು ಬಿಸಿಲು ಬಂದ ಮುಂದಿನ ವಾರಗಳಲ್ಲಿ ನೀರಿಡದೆ ಸರಿದೂಗಿಸಬಹುದು. ನೋಟ್‌ಬುಕ್ಕು ಇದ್ದವರಿಗೆ ಮಾತ್ರ ಇದು ಸಾಧ್ಯ. ಯಂತ್ರವಿರುವ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕುವುದು, ನೀರು ಕಾಯಿಸುವುದು, ನೆಲ ತೊಳೆದು ಹಾಗೆಯೇ ಬಿಡುವುದು ಇವುಗಳನ್ನೂ ನಿಲ್ಲಿಸಬೇಕು.

48 ದಿನದವರೆಗೆ ಮೊಟ್ಟೆಯನ್ನು ತಿರುಗಿಸುತ್ತಿರಬೇಕು, ಆಮೇಲೆ ನಿಲ್ಲಿಸಬೇಕು. ಮರಿ ಚಿಪ್ಪನ್ನು ಕುಟ್ಟತೊಡಗಿದ ಮೇಲೆ ಒಳಪೊರೆ ಒಣಗದಂತೆ ಸ್ವಲ್ಪ ತೇವ ಹೆಚ್ಚಿಸಬಹುದು. ಸುಮಾರು 52ನೆಯ ದಿನಕ್ಕೆ ಮರಿ ಹೊರಬರುತ್ತದೆ.

ನಾಟಿ ಕೋಳಿ ಮೊಟ್ಟೆ ಚಿಕ್ಕದಾದ್ದರಿಂದ ಒಂದೊಂದನ್ನೇ ತೂಗಿದರೆ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಟ್ರೇ ಸಮೇತ ತೂಗಿ, ಖಾಲಿ ಟ್ರೇಯ ತೂಕ ಕಳೆಯಿರಿ. 45 ಗ್ರಾಮಿನ 30 ಮೊಟ್ಟೆಗೆ 1,350 ಗ್ರಾಂ ಆಯಿತು. 18 ದಿನದಲ್ಲಿ ನೂರಕ್ಕೆ 12ರಷ್ಟು, ಎಂದರೆ 162 ಗ್ರಾಂ ಇಳಿಯಬೇಕು. ದಿನಕ್ಕೆ 9 ಗ್ರಾಂ. ಐದನೆಯ ತರಗತಿಯ ಮಕ್ಕಳೂ ಈ ಲೆಕ್ಕ ಮಾಡಬಲ್ಲರು, ಅವರಿಂದಲೇ ಮಾಡಿಸಿ.

ಮನೆಯವರ ಆರೋಗ್ಯ

ತೇವ ಹೆಚ್ಚಾದ ಯಂತ್ರದಲ್ಲಿ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ಕಣಗಳು ಹುಟ್ಟಿದ ಮರಿಗಳ ಶ್ವಾಸಕೋಶಕ್ಕೆ ಹೋಗಿ ಸಾಯಿಸುತ್ತವೆ. ಉಬ್ಬಸ ಇರುವವರಿಗೂ ತೊಂದರೆ ಕೊಡುತ್ತವೆ. ಯಂತ್ರವನ್ನು ಮಲಗುವ ಕೋಣೆಯಲ್ಲಿ, ಅಡುಗೆಮನೆಯಲ್ಲಿ ಇಡಬಾರದು. ಮೊಟ್ಟೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಏಕೆಂದರೆ ಚಿಪ್ಪಿನ ಮೇಲೆ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಕೊಳೆಯಾದ ಮೊಟ್ಟೆಯನ್ನು ತಣ್ಣೀರಿನಲ್ಲಿ ತೊಳೆದರೆ ಕೊಳೆಯೇ ರಂಧ್ರಗಳ ಮೂಲಕ ಒಳಗೆ ಸೇರುತ್ತದೆ. ಒಣಬಟ್ಟೆಯಿಂದ ಒರೆಸುವುದು ಲೇಸು.

ಯಂತ್ರ ಶುದ್ಧಿಗೆ ಫಾರ್ಮಲಿನ್ ಮತ್ತು ಪರ್ಮಾಂಗನೇಟ್ ಬೆರೆಸಿ ಹೊಗೆ ಹಾಕುವ ಪದ್ಧತಿ ದೊಡ್ಡ ಫಾರಂಗಳದು. ಆ ಹೊಗೆಯಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ನಿರ್ಣಯಿಸಿತು. ಮಕ್ಕಳು ಮುದುಕರು ಇರುವ ಮನೆಯೊಳಗೆ ಇದನ್ನು ಮಾಡಲೇಬಾರದೆಂದು ನಾವು ಬೇಡಿಕೊಳ್ಳುತ್ತೇವೆ. ಸೋಪಿನ ನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸಿ. ಮೇಲೆ ಏನು ಬಳಸಬೇಕೆಂಬುದನ್ನು ಪಶುವೈದ್ಯರನ್ನು ಕೇಳಿ.

ಇದು ನೆರೆಹೊರೆಯ ಮಾತೂ ಹೌದು

ಒಂದು ಮನೆಯಲ್ಲಿ ಯಂತ್ರವಿದ್ದರೆ ನಾಲ್ಕು ಮನೆಯವರು ಮೊಟ್ಟೆ ತಂದು ಕೊಡುತ್ತಾರೆ. ಮರಿಗಿಷ್ಟು ಎಂದು ಕೂಲಿ ಗೊತ್ತಾಗಿರುತ್ತದೆ. ಮರಿ ಬಂದರೆ ಎಲ್ಲರೂ ನಗುತ್ತಾರೆ. ಬಾರದಿದ್ದರೆ "ನಿಮ್ಮ ಮೊಟ್ಟೆ ಚೆನ್ನಾಗಿರಲಿಲ್ಲ" ಎಂದು ಒಬ್ಬರು, "ನಮ್ಮ ಮರಿಯನ್ನು ಬೇರೆಯವರಿಗೆ ಕೊಟ್ಟಿರಿ" ಎಂದು ಇನ್ನೊಬ್ಬರು. ಒಂದೇ ಧರ್ಮಕೇಂದ್ರದ ಕುಟುಂಬಗಳು ಹತ್ತು ಮೊಟ್ಟೆಯ ನೆಪದಲ್ಲಿ ಮಾತು ಬಿಡುವುದಾದರೆ ಆ ನಷ್ಟವನ್ನು ಯಾವ ತಕ್ಕಡಿಯಲ್ಲಿ ತೂಗೋಣ? ತಂದ ದಿನದ ತೂಕ, ವಾರವಾರದ ತೂಕ ಬರೆದ ನೋಟ್‌ಬುಕ್ಕನ್ನು ಇಬ್ಬರ ನಡುವೆ ತೆರೆದಿಟ್ಟರೆ ಎಷ್ಟೋ ಅನುಮಾನ ಅಲ್ಲೇ ಕರಗುತ್ತದೆ. ನ್ಯಾಯವಾದ ತೂಕ, ನ್ಯಾಯವಾದ ಅಳತೆ ಇವುಗಳ ಬಗ್ಗೆ ಪವಿತ್ರ ಗ್ರಂಥ ಮತ್ತೆ ಮತ್ತೆ ಎಚ್ಚರಿಸುವುದು ಸಂತೆಯ ವ್ಯಾಪಾರಿಗೆ ಮಾತ್ರ ಎಂದು ನಾವು ತಿಳಿಯಬಾರದು.

ಇನ್ನೊಂದು ಮಾತು. ಎಮುವಿನಲ್ಲಿ ಕಾವು ಕೂರುವುದು ಗಂಡು. ಸುಮಾರು ಎಂಟು ವಾರ ಅದು ಗೂಡು ಬಿಟ್ಟು ಏಳುವುದೇ ಇಲ್ಲವೆನ್ನಬೇಕು. ಮೇವು ಬಿಟ್ಟು, ಮೈಯ ಕೊಬ್ಬನ್ನು ಕರಗಿಸಿಕೊಂಡು, ದಿನಕ್ಕೆ ಹತ್ತು ಸಲ ಎದ್ದು ನಿಂತು ಮೊಟ್ಟೆ ತಿರುಗಿಸಿ ಮತ್ತೆ ಕೂರುತ್ತದೆ. ನಮ್ಮ ಮನೆಗಳಲ್ಲಿ ಯಂತ್ರ ಕೊಳ್ಳಲು ಪೇಟೆಗೆ ಹೋಗುವವರು ಗಂಡಸರು. ಆಮೇಲೆ ನಡುರಾತ್ರಿ ಕರೆಂಟು ಹೋದಾಗ ಎದ್ದು ನೋಡುವವರು ತಾಯಂದಿರು. ಮರಿ ಬಾರದಿದ್ದಾಗ ಬೈಗುಳ ತಿನ್ನುವವರೂ ಅವರೇ. ಅಪ್ಪಂದಿರು ತೂಗುವ ಕೆಲಸವನ್ನಾದರೂ ತಮ್ಮದಾಗಿಸಿಕೊಳ್ಳಲಿ.

ನಮ್ಮ ಸಲಹೆ ಇಷ್ಟು: ಪ್ರತಿ ಸ್ವಸಹಾಯ ಸಂಘವೂ ಒಂದು ತಕ್ಕಡಿ ಕೊಳ್ಳಲಿ. ಯಂತ್ರವಿರುವ ಪ್ರತಿ ಮನೆಯೂ ಒಂದು ನೋಟ್‌ಬುಕ್ಕು ಇಡಲಿ. ಹಂಗಾಮು ಮುಗಿದ ಮೇಲೆ ಎಲ್ಲ ನೋಟ್‌ಬುಕ್ಕುಗಳನ್ನು ಒಂದೆಡೆ ತಂದು ನೋಡಿದರೆ, ನಮ್ಮ ಊರಿನ ಹವೆಗೆ ಯಾವ ತಿಂಗಳಲ್ಲಿ ಎಷ್ಟು ನೀರು ಬೇಕೆಂಬುದು ನಮ್ಮದೇ ಕನ್ನಡದಲ್ಲಿ ನಮ್ಮ ಕೈಗೆ ಸಿಗುತ್ತದೆ. ಅದೇ ನಮ್ಮ ಕೈಪಿಡಿ. 2012ರಲ್ಲಿ ಬೇರೆಯವರು ಹೇಳಿದ ಅಂಕಿಗಳನ್ನು ನಂಬಿ ನಮ್ಮ ಜನ ಕೆಟ್ಟರು. ಮುಂದೆ ಏನನ್ನೇ ಸಾಕಿದರೂ ನಾವೇ ತೂಗಿ, ನಾವೇ ಬರೆದು ನಂಬೋಣ.

ನಿಮ್ಮೆಲ್ಲರ ದುಡಿಮೆಯನ್ನು ದೇವರು ಆಶೀರ್ವದಿಸಲಿ.